ದಪ್ಪ ತಂತಿಗೆ ಸಿಂಥ್ ಏಕೆ ತಡವಾಗಿ ಓಗೊಡುತ್ತದೆ?

ಪ್ರಶ್ನೆ: ಹುಬ್ಬಳ್ಳಿ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನದು ಐದು ತಂತಿಯ ಬೇಸ್. ನಮ್ಮಲ್ಲಿ ಕೀಬೋರ್ಡಿಗೆ ಇರುವುದು ಒಬ್ಬರೇ, ಅವರಿಗೆ ಎರಡು ಕೈ ಸಾಲುವುದಿಲ್ಲ. ಹಿನ್ನೆಲೆಯ ಸ್ಟ್ರಿಂಗ್ಸ್ (ಪಿಟೀಲು ಗುಂಪಿನ ಸದ್ದು) ಮತ್ತು ಎಂಬತ್ತರ ದಶಕದ ಹಾಡುಗಳ ಸಿಂಥ್ (ಸಿಂಥಸೈಸರ್) ಬೇಸ್ ನಾನೇ ನೋಡಿಕೊಳ್ಳೋಣ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ತಂತಿಯ ಕಂಪನ ಹಿಡಿಯುವ ರೋಲ್ಯಾಂಡ್ ಜಿಕೆ-3ಬಿ ಪಿಕಪ್ ಮತ್ತು ಅದನ್ನು ಬೇರೆ ವಾದ್ಯಗಳ ಸದ್ದಾಗಿಸುವ ಜಿಆರ್-55 ಸಿಂಥ್ ಬಾಕ್ಸ್ ತಗೊಂಡೆ. ತೆಳು ತಂತಿಗಳಲ್ಲಿ ಚೆನ್ನಾಗಿದೆ. ಇ ಮತ್ತು ಬಿ ತಂತಿ ಮೀಟಿದರೆ ಸದ್ದು ತಡವಾಗಿ ಬರುತ್ತದೆ. ಕೆಲವು ಸಲ ಬೇರೆ ಸ್ವರವೇ ಬರುತ್ತದೆ. ತಂತಿ ಮೇಲೆ ಸುಮ್ನೆ ಕೈ ಇಟ್ಟರೂ ಏನೋ ಕೀಚಲು ಸದ್ದು. ಪಿಕಪ್ ಕೆಟ್ಟಿದೆಯಾ? ಇದನ್ನು ಮಾರಿ ಬೇರೆ ತಗೊಳ್ಳಲಾ?

ಉತ್ತರ: ಮಾರಬೇಡಿ. ನೀವು ಹೇಳಿದ ಮೂರೂ ತೊಂದರೆ ಹೊಸ ಪಿಕಪ್‌ನಲ್ಲೂ ಇರುತ್ತವೆ. ಮೊದಲ ಸಲ ಬೇಸಿಗೆ ಸಿಂಥ್ ಪಿಕಪ್ ಅಂಟಿಸಿದ ದಿನ ನಾನೂ ಇದೇ ಪ್ರಶ್ನೆ ಕೇಳಿಕೊಂಡಿದ್ದೆ. ಎರಡು ದಿನ ಬಿಚ್ಚಿ, ಅಂಟಿಸಿ, ಮತ್ತೆ ಬಿಚ್ಚಿ ಸುಸ್ತಾಗಿದ್ದೆ.

ಆದರೂ ಅನುಮಾನ ಉಳಿಯಬಾರದು. ಪಿಕಪ್ ಕೆಟ್ಟಿದೆಯೋ ಇಲ್ಲವೋ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ಸ್ಪೀಕರ್ ವಾಲ್ಯೂಮ್ ಪೂರ್ತಿ ಇಳಿಸಿ. ಜಿಆರ್-55ರಲ್ಲಿ ತಂತಿಗಳ ಸೆನ್ಸಿಟಿವಿಟಿ ತೋರಿಸುವ ಪುಟ ತೆರೆಯಿರಿ. ಅಲ್ಲಿ ಪ್ರತಿ ತಂತಿಗೂ ಮೀಟರ್ ಇದೆ. ಈಗ ಒಂದು ಚಿಕ್ಕ ಉಕ್ಕಿನ ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ಪಿನ ಮೇಲೆ, ಒಂದೊಂದು ತಂತಿಯ ಅಡಿಯಲ್ಲೂ ಮೆಲ್ಲಗೆ ತಟ್ಟಿ. ಯಾವ ತಂತಿಯ ಅಡಿ ತಟ್ಟುತ್ತೀರೋ ಆ ಮೀಟರ್ ಕುಣಿಯಬೇಕು. ಐದೂ ಕುಣಿದರೆ ಪಿಕಪ್, ಕೇಬಲ್, ಪಿನ್ ಎಲ್ಲವೂ ಸರಿ ಇವೆ. ಒಂದು ಮಾತ್ರ ಸತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಹಳೆ ಪಿಕಪ್‌ಗಿಂತ ಹಳೆ ಕೇಬಲ್ ಬೇಗ ಸಾಯುತ್ತದೆ.

ಇನ್ನೊಂದು ವಿಷಯ. ಬಾಕ್ಸಿಗೆ ನೀವು ಬೇಸ್ ಮೋಡ್ ಎಂದು ಹೇಳಿದ್ದೀರಾ? ಎಷ್ಟು ತಂತಿ, ಐದನೆಯದು ಮಂದ್ರದ ಬಿಯೋ ಮೇಲಿನ ಸಿಯೋ ಎಂಬುದನ್ನೂ ಸೆಟ್ ಮಾಡಬೇಕು. ಸೆಕೆಂಡ್ ಹ್ಯಾಂಡ್ ಬಾಕ್ಸುಗಳಲ್ಲಿ ಹಳೆ ಯಜಮಾನರ ಗಿಟಾರ್ ಸೆಟ್ಟಿಂಗ್ ಹಾಗೆಯೇ ಕೂತಿರುತ್ತದೆ. ಅದರ ಮೇಲೆ ಬೇಸ್ ನುಡಿಸಿದರೆ ಯಾವ ಸ್ವರ ಬಂದರೂ ಆಶ್ಚರ್ಯವಿಲ್ಲ.

ಇದೆಲ್ಲ ಸರಿ ಇದೆ ಎಂದುಕೊಳ್ಳೋಣ. ಹಾಗಾದರೆ ತಡ ಎಲ್ಲಿಂದ ಬಂತು?

ನಿಮ್ಮ ಬೇಸಿನ ಮಾಮೂಲಿ ಪಿಕಪ್ ಎಲ್ಲ ತಂತಿಗಳ ಸದ್ದನ್ನು ಕಲಸಿ ಒಂದೇ ವೈರಿನಲ್ಲಿ ಹೊರಗೆ ಕಳಿಸುತ್ತದೆ. ಜಿಕೆ-3ಬಿ ಹಾಗಲ್ಲ. ಅದು ಪ್ರತಿ ತಂತಿಯನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಅದಕ್ಕೇ ಆ ದಪ್ಪ ಕೇಬಲಿನಲ್ಲಿ 13 ಪಿನ್ನು. ಆರು ಪಿನ್ ಆರು ತಂತಿಗೆ, ಒಂದು ನಿಮ್ಮ ಮಾಮೂಲಿ ಪಿಕಪ್ಪಿಗೆ, ಒಂದು ವಾಲ್ಯೂಮ್ ಗುಬ್ಬಿಗೆ, ಎರಡು ಪುಟ್ಟ ಸ್ವಿಚ್ಚುಗಳಿಗೆ, ಎರಡರಲ್ಲಿ ಬಾಕ್ಸಿನಿಂದ ಪಿಕಪ್ಪಿಗೆ ಕರೆಂಟು. ಬ್ಯಾಟರಿ ಬೇಡದಿರುವುದು ಇದಕ್ಕೇ. ಒಂದು ಪಿನ್ ಖಾಲಿ.

ಹೀಗೆ ಬಂದ ತಂತಿಯ ಅಲೆಯನ್ನು ನೋಡಿ ‘ಇದು ಯಾವ ಸ್ವರ’ ಎಂದು ಬಾಕ್ಸು ಹೇಳಬೇಕು. ಹೇಳಿದ ಮೇಲೆ ತಾನೇ ಸ್ಟ್ರಿಂಗ್ಸೋ ಕೊಳಲೋ ಮೊಳಗುವುದು? ಸ್ವರ ಗುರುತಿಸಲು ತಂತಿ ಕಡೇಪಕ್ಷ ಒಂದು ಪೂರ್ತಿ ಸುತ್ತು ಕಂಪಿಸಬೇಕು. ನಂಬಿಕೆ ಬರಬೇಕಾದರೆ ಸುಮಾರು ಎರಡು ಸುತ್ತು. ಗಿಟಾರಿನ ತೆಳು ಇ ತಂತಿ ಸೆಕೆಂಡಿಗೆ ಸುಮಾರು 330 ಸಲ ಕಂಪಿಸುತ್ತದೆ, ಒಂದು ಸುತ್ತಿಗೆ 3 ಮಿಲಿಸೆಕೆಂಡು. ಬೇಸಿನ ಜಿ ತಂತಿ 98 ಹರ್ಟ್ಜ್, ಸುತ್ತಿಗೆ ಸುಮಾರು 10 ಮಿಲಿಸೆಕೆಂಡು. ಇ ತಂತಿ 41.2 ಹರ್ಟ್ಜ್, ಸುತ್ತಿಗೆ 24. ನಿಮ್ಮ ಬಿ ತಂತಿ 30.9 ಹರ್ಟ್ಜ್. ಒಂದು ಸುತ್ತಿಗೆ 32 ಮಿಲಿಸೆಕೆಂಡು, ಎರಡು ಸುತ್ತಿಗೆ ಹತ್ತಿರ ಹತ್ತಿರ 65.

65 ಮಿಲಿಸೆಕೆಂಡು ಎಂದರೆ ಎಷ್ಟು ಎಂದು ಕಿವಿಗೆ ಹೇಳಬೇಕಾದರೆ ಕ್ರಿಕೆಟ್ ಪಿಚ್ ನೆನಪಿಸಿಕೊಳ್ಳಿ. ಆ ತುದಿಯಲ್ಲಿ ಬ್ಯಾಟಿಗೆ ಚೆಂಡು ಬಡಿದ ಸದ್ದು ಈ ತುದಿಗೆ ಬರಲು ಸುಮಾರು 59 ಮಿಲಿಸೆಕೆಂಡು ಬೇಕು. ಅಂದರೆ ಬಿ ತಂತಿಯಲ್ಲಿ ನುಡಿಸುವಾಗ ನಿಮ್ಮ ಸ್ಪೀಕರನ್ನು ಪಿಚ್ಚಿನ ಆಚೆ ತುದಿಗಿಂತ ಸ್ವಲ್ಪ ದೂರ ಇಟ್ಟಂತೆ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗ 125 ಮಿಲಿಸೆಕೆಂಡು. ನಿಮ್ಮ ತಡ ಅದರ ಅರ್ಧ. ಡ್ರಮ್ಮರ್ ನಿಮ್ಮನ್ನು ದುರುಗುಟ್ಟಿ ನೋಡಿದರೆ ಅವರ ತಪ್ಪಲ್ಲ.

ಎಷ್ಟೇ ದುಬಾರಿ ಬಾಕ್ಸ್ ತಂದರೂ ತಂತಿ ಇನ್ನೂ ಆಡದ ಮಾತನ್ನು ಅದು ಕೇಳಿಸಿಕೊಳ್ಳಲಾರದು. ಹೊಸ ಬಾಕ್ಸುಗಳು ಹಳೆಯವಕ್ಕಿಂತ ಚುರುಕು, ನಿಜ. ಆದರೆ ಈ ಲೆಕ್ಕದಿಂದ ಯಾವುದಕ್ಕೂ ಬಿಡುಗಡೆ ಇಲ್ಲ.

ಇದರಿಂದ ತಪ್ಪಿಸಿಕೊಳ್ಳಲು ಪೂರ್ತಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಸ್ಟೀವ್ ಚಿಕ್ ಫ್ರೆಟ್ಟುಗಳಿಗೇ (ಬೇಸಿನ ಕತ್ತಿನ ಮೇಲಿನ ಅಡ್ಡ ಪಟ್ಟಿಗಳು) ವೈರ್ ಎಳೆದ ಬೇಸ್ ಮಾಡಿದರು. 1990ರ ದಶಕದಲ್ಲಿ ಪೀವಿ ಕಂಪನಿ ಅದನ್ನು ಮಿಡಿಬೇಸ್ ಎಂಬ ಹೆಸರಿನಲ್ಲಿ ಮಾರಿತು. ನೀವು ಯಾವ ಫ್ರೆಟ್ ಒತ್ತಿದ್ದೀರಿ ಎಂದು ಮೀಟುವ ಮೊದಲೇ ಅದಕ್ಕೆ ಗೊತ್ತು. ತಂತಿ ಮೀಟಿದ ಕ್ಷಣ ತಿಳಿದರೆ ಸಾಕು. ಬುದ್ಧಿವಂತಿಕೆ ಎಂದರೆ ಇದು. ಆದರೆ ನಿಮ್ಮ ಬೇಸನ್ನು ಹಾಗೆ ಮಾಡಿಸಲು ಆಗುವುದಿಲ್ಲ, ಅದಕ್ಕೇ ಹುಟ್ಟಿದ ಬೇಸ್ ಬೇಕು.

ಇನ್ನು ತಪ್ಪು ಸ್ವರ. ತಂತಿ ಕಂಪಿಸುವಾಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು ಸ್ವರಗಳೂ ಹುಟ್ಟುತ್ತವೆ. ಸಿಂಥ್ ಪಿಕಪ್ ಕೂರುವುದು ಬ್ರಿಡ್ಜಿನ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಕುದುರೆ) ಪಕ್ಕ. ಅಲ್ಲಿ ಮೂಲ ಸ್ವರದ ಅಲೆ ಸಣ್ಣದು, ಮೇಲಿನ ಸ್ವರಗಳದ್ದೇ ಜೋರು. ಬಾಕ್ಸು ಎರಡು ಪಟ್ಟನ್ನು ಮೂಲ ಎಂದುಕೊಂಡರೆ ಒಂದು ಸ್ಥಾಯಿ ಮೇಲೆ ಹಾರುತ್ತದೆ. ಮೂರು ಪಟ್ಟನ್ನು ಹಿಡಿದರೆ ಸ ನುಡಿಸಿದ್ದಕ್ಕೆ ಮೇಲಿನ ಪ ಕೇಳುತ್ತದೆ. ನಿಮಗೆ ಬರುವ ‘ಬೇರೆ ಸ್ವರ’ ಈ ಎರಡರಲ್ಲಿ ಒಂದು ಇರಬೇಕು, ಗಮನಿಸಿ ನೋಡಿ. ಅದರ ಮೇಲೆ ಬಿ ತಂತಿ ಎಷ್ಟು ದಪ್ಪ ಎಂದರೆ ಅರ್ಧ ತಂತಿ, ಅರ್ಧ ಸರಳು. ಅದರ ಮೇಲಿನ ಸ್ವರಗಳು ಲೆಕ್ಕಕ್ಕಿಂತ ತುಸು ಏರಿರುತ್ತವೆ. ಹಾಗಾಗಿ ಒಂದು ಸುತ್ತಿನ ಅಲೆ ಮುಂದಿನ ಸುತ್ತಿನಂತೆ ಇರುವುದಿಲ್ಲ. ಬಾಕ್ಸಿಗೆ ಗೊಂದಲ ಆಗದೆ ಇನ್ನೇನು?

ಈಗ ದಾರಿಗಳು. ಮೊದಲನೆಯದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

ಜಿಆರ್-55ರ ಒಂದು ಪ್ಯಾಚಿನೊಳಗೆ (ಹೊಂದಿಸಿ ಉಳಿಸಿಟ್ಟ ಸದ್ದು) ಎರಡು ಜಾತಿಯ ಸದ್ದು ಇದೆ. ಎರಡು ಪಿಸಿಎಂ ಟೋನ್, ಒಂದು ಮಾಡೆಲಿಂಗ್ ಟೋನ್. ಇವುಗಳ ಜೊತೆಗೆ ನಿಮ್ಮ ಬೇಸಿನ ಮಾಮೂಲಿ ಪಿಕಪ್ ಸದ್ದನ್ನೂ ಸೇರಿಸಬಹುದು. ಪಿಸಿಎಂ ಎಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯ. ಸ್ವರ ಗುರುತಿಸದೆ ಅದು ಬಾಯಿ ಬಿಡುವುದಿಲ್ಲ. ತಡವಾಗುವುದು ಇದು. ಮಾಡೆಲಿಂಗ್ ಹಾಗಲ್ಲ. ಅದು ನಿಮ್ಮ ತಂತಿಯ ಅಲೆಯನ್ನೇ ಹಿಡಿದು ತಿದ್ದುತ್ತದೆ, ಫಿಲ್ಟರ್ ಹಾಕುತ್ತದೆ, ಚಚ್ಚಿ ಚೌಕಾಕಾರ ಮಾಡುತ್ತದೆ. ಯಾವ ಸ್ವರ ಎಂದು ಕಾದು ಕೂರುವ ಕೆಲಸವಿಲ್ಲ. ನೀವು ಮೀಟಿದ ಕೂಡಲೇ ಸದ್ದು.

ಹಾಗಾಗಿ ಎಂಬತ್ತರ ದಶಕದ ಸಿಂಥ್ ಬೇಸ್ ನುಡಿಸಲು ಪಿಸಿಎಂ ಪಟ್ಟಿಯಲ್ಲಿ ‘ಸಿಂಥ್ ಬೇಸ್’ ಹುಡುಕಬೇಡಿ. ಎಲ್ಲರೂ ಮಾಡುವ ತಪ್ಪು ಇದು, ಹೆಸರು ನೋಡಿ ಮೋಸ ಹೋಗುತ್ತಾರೆ. ಮಾಡೆಲಿಂಗ್ ವಿಭಾಗಕ್ಕೆ ಹೋಗಿ, ಅಲ್ಲೂ ಸಿಂಥ್ ಬಗೆಯ ಸದ್ದುಗಳಿವೆ. ಫಿಲ್ಟರನ್ನು ಮುಚ್ಚಿ, ಮೀಟಿದಾಗ ಸ್ವಲ್ಪ ತೆರೆಯುವಂತೆ ಮಾಡಿ. ರೆಸೊನೆನ್ಸ್ ಚೂರು ಏರಿಸಿ. ಕೀಬೋರ್ಡಿನ ಸಿಂಥ್ ಬೇಸ್‌ನಷ್ಟೇ ಇರುವುದಿಲ್ಲ. ಆದರೆ ಡ್ರಮ್ಮಿನ ಜೊತೆ ಸರಿಯಾಗಿ ಬೀಳುತ್ತದೆ. ಪೆಂಡಾಲಿನಲ್ಲಿ ಕುಣಿಯುವ ಹುಡುಗರಿಗೆ ಬೇಕಾಗಿರುವುದು ಅದೇ ಅಲ್ವಾ?

ಸ್ಟ್ರಿಂಗ್ಸ್, ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸದ್ದು), ಕೊಳಲು, ಬ್ರಾಸ್ ಇವೆಲ್ಲ ಪಿಸಿಎಂ ಆಗಬೇಕು, ಬೇರೆ ದಾರಿ ಇಲ್ಲ. ಇಲ್ಲಿ ತಡವನ್ನು ಗೆಲ್ಲುವ ಬದಲು ಮುಚ್ಚಿಡಬೇಕು. ನಿಧಾನಕ್ಕೆ ಏರುವ ಸದ್ದು ಆರಿಸಿಕೊಳ್ಳಿ. ಪಿಟೀಲು ಗುಂಪಿನ ಸದ್ದು ಹೇಗೂ ಮೆಲ್ಲಗೆ ಉಬ್ಬುತ್ತದೆ, ಅದರಲ್ಲಿ 40 ಮಿಲಿಸೆಕೆಂಡು ಕಳೆದರೂ ಯಾರಿಗೂ ಗೊತ್ತಾಗುವುದಿಲ್ಲ. ಪಿಯಾನೋ, ಮರಿಂಬಾ, ಸಂತೂರಿನಂಥ ಸದ್ದುಗಳು ನಿಮ್ಮ ತಡವನ್ನು ಎಲ್ಲರಿಗೂ ತೋರಿಸಿಬಿಡುತ್ತವೆ. ಬೇಸಿನಿಂದ ಅವನ್ನು ಮುಟ್ಟಬೇಡಿ. ಜೊತೆಗೆ ಮಾಮೂಲಿ ಪಿಕಪ್ಪಿನ ಸದ್ದು ಯಾವಾಗಲೂ ಸ್ವಲ್ಪ ಸೇರಿರಲಿ. ಕಿವಿ ಮೊದಲು ಕೇಳಿದ ಪೆಟ್ಟನ್ನೇ ತಾಳ ಎಂದು ಹಿಡಿಯುತ್ತದೆ. ಬೇಸಿನ ಪೆಟ್ಟು ಸರಿಯಾಗಿ ಬಿದ್ದರೆ ಹಿಂದೆ ಬರುವ ಪಿಟೀಲು ತಡ ಅನ್ನಿಸುವುದಿಲ್ಲ.

ಎರಡನೆಯ ದಾರಿ ತಂತಿಗಳಿಗೆ ಕೆಲಸ ಹಂಚುವುದು. ನನಗೆ ಬಹಳ ಇಷ್ಟವಾದದ್ದು ಇದು. ಪ್ರತಿ ಟೋನಿಗೂ ಯಾವ ತಂತಿ ಎಷ್ಟು ಕೇಳಬೇಕು ಎಂದು ಬೇರೆ ಬೇರೆ ಇಡಬಹುದು. ಪಿಸಿಎಂ ಸ್ಟ್ರಿಂಗ್ಸಿಗೆ ಬಿ ಮತ್ತು ಇ ತಂತಿಗಳನ್ನು ಸೊನ್ನೆ ಮಾಡಿ. ಡಿ, ಜಿ ಪೂರ್ತಿ ಇರಲಿ. ಎ ಅರ್ಧ. ಈಗ ದಪ್ಪ ತಂತಿಗಳಲ್ಲಿ ಶುದ್ಧ ಬೇಸ್, ತೆಳು ತಂತಿಗಳಲ್ಲಿ ಬೇಸ್ ಮತ್ತು ಸ್ಟ್ರಿಂಗ್ಸ್. ತಪ್ಪು ಸ್ವರ ಹುಟ್ಟುವ ಜಾಗವನ್ನೇ ಮುಚ್ಚಿದಂತಾಯಿತು. ಕೀಚಲು ಸದ್ದಿನ ಮುಕ್ಕಾಲು ಪಾಲೂ ಇದರಲ್ಲೇ ಹೋಗುತ್ತದೆ. ಸ್ಟ್ರಿಂಗ್ಸ್ ಟೋನನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಿ, ಆಗ ಅದು ಬೇಸಿನ ಕಾಲು ತುಳಿಯದೆ ತನ್ನ ಜಾಗದಲ್ಲಿ ಕೂರುತ್ತದೆ. ಡಿ ಮತ್ತು ಜಿ ತಂತಿಗಳಲ್ಲಿ ಎರಡೇ ಸ್ವರ ಹಿಡಿದು ಪೆಡಲ್ಲಿನಿಂದ ಹೋಲ್ಡ್ ಮಾಡಿ. ಅದು ಹಿಂದೆ ಮೊಳಗುತ್ತಿರಲಿ, ನೀವು ದಪ್ಪ ತಂತಿಗಳಲ್ಲಿ ನಿಮ್ಮ ಬೇಸ್ ಮುಂದುವರಿಸಿ. ಭಕ್ತಿಗೀತೆಗಳಿಗೆ ಸ ಮತ್ತು ಪ ಹೋಲ್ಡ್ ಮಾಡಿದರೆ ತಂಬೂರಿ ಇಟ್ಟಂತೆ ಆಗುತ್ತದೆ. ನಿಮ್ಮ ಕೀಬೋರ್ಡಿನವರು ಅವತ್ತು ನಿಮಗೆ ಚಹಾ ಕೊಡಿಸದಿದ್ದರೆ ಕೇಳಿ.

ಮೂರನೆಯದು ಮೇಲಿನ ಸ್ಥಾಯಿಯಲ್ಲಿ ನುಡಿಸಿ ಬಾಕ್ಸಿನಿಂದ ಕೆಳಗಿಳಿಸುವುದು. ಪಿಸಿಎಂ ಸದ್ದಿನಲ್ಲೇ ಮಂದ್ರ ಬೇಕು ಎಂದಾಗ ಇದು ಬೇಕಾಗುತ್ತದೆ. ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ತಡ ಆಗುವುದು ದಪ್ಪ ತಂತಿಗೆ, ಹಾಗಾಗಿ ಅದೇ ಸ್ವರವನ್ನು ಬೇರೆ ತಂತಿಯಲ್ಲಿ ನುಡಿಸಿದರೆ ಸರಿ ಹೋಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಖಾಲಿ ಇ ತಂತಿಯಾಗಲಿ, ಬಿ ತಂತಿಯ ಐದನೇ ಫ್ರೆಟ್ಟಾಗಲಿ, ಸ್ವರ 41.2 ಹರ್ಟ್ಜೇ. ಕಾಯುವ ಸಮಯವೂ ಅಷ್ಟೇ. ತೆಳು ತಂತಿಯಲ್ಲಿ ಅಲೆ ಸ್ವಲ್ಪ ಶುದ್ಧವಾಗಿರುತ್ತದೆ, ಗುರುತಿಸುವುದು ಸುಲಭ, ಅಷ್ಟೇ ಲಾಭ. ಸಮಯ ಉಳಿಯಬೇಕಾದರೆ ಸ್ವರವೇ ಮೇಲೇರಬೇಕು. ಡಿ ತಂತಿಯ ಎರಡನೇ ಫ್ರೆಟ್ಟಿನ ಇ ನುಡಿಸಿ, ಟೋನನ್ನು ಒಂದು ಸ್ಥಾಯಿ ಇಳಿಸಿ: ಸುತ್ತಿಗೆ 12 ಮಿಲಿಸೆಕೆಂಡು. ಜಿ ತಂತಿಯ ಒಂಬತ್ತನೇ ಫ್ರೆಟ್ಟಿನ ಇ ನುಡಿಸಿ ಎರಡು ಸ್ಥಾಯಿ ಇಳಿಸಿದರೆ ಸುತ್ತಿಗೆ 6. ಕೇಳುವ ಸ್ವರ ಒಂದೇ, ತಡ ಕಾಲು ಭಾಗ. ಹೀಗೆ ನುಡಿಸುವಾಗ ಮಾಮೂಲಿ ಪಿಕಪ್ಪನ್ನು ಆ ಪ್ಯಾಚಿನಲ್ಲಿ ಮುಚ್ಚಿಬಿಡಿ. ಇಲ್ಲದಿದ್ದರೆ ಮೇಲೊಂದು ಕೆಳಗೊಂದು ಕೇಳಿ ನಗೆಪಾಟಲಾಗುತ್ತದೆ.

ಮನೆಯಲ್ಲಿ ಇನ್ನೊಂದು ಹಳೆ ಬೇಸ್ ಇದ್ದರೆ ಅದನ್ನು ಇದಕ್ಕೇ ಮೀಸಲಿಡಬಹುದು. ತೆಳು ತಂತಿಗಳನ್ನು ಹಾಕಿ ಎ-ಡಿ-ಜಿ-ಸಿ ಎಂದು ಶ್ರುತಿ ಮಾಡುವವರಿದ್ದಾರೆ, ಇದಕ್ಕೆ ಟೆನರ್ ಬೇಸ್ ಅನ್ನುತ್ತಾರೆ. ಪೂರ್ತಿ ಒಂದು ಸ್ಥಾಯಿ ಮೇಲೆ ಕಟ್ಟಿದರೆ ಪಿಕೊಲೊ ಬೇಸ್. ಪಿಕೊಲೊದಲ್ಲಿ ದಪ್ಪ ತಂತಿಯೂ 82.4 ಹರ್ಟ್ಜ್, ಅಂದರೆ ಗಿಟಾರಿನ ದಪ್ಪ ಇ ತಂತಿಯಷ್ಟೇ.

ಪಿಕಪ್ ಕೂರಿಸುವ ಬಗ್ಗೆ ನೀವು ಏನೂ ಬರೆದಿಲ್ಲ. ಅದಕ್ಕೇ ಅನುಮಾನ. ಜಿಕೆ-3ಬಿ ಬ್ರಿಡ್ಜಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಅಲ್ಲಿ ತಂತಿ ಓಲಾಡುವುದು ಕಡಿಮೆ, ಪಕ್ಕದ ತಂತಿಯ ಸದ್ದು ಕದಿಯುವುದೂ ಕಡಿಮೆ. ಪ್ರತಿ ತಂತಿಯೂ ಪಿಕಪ್ಪಿನಲ್ಲಿ ತನ್ನನ್ನು ಕೇಳುವ ಭಾಗದ ಮೇಲೆ ಸರಿಯಾಗಿ ಹಾಯಬೇಕು. ಎತ್ತರ ಅಳೆಯಲು ವಿಶೇಷ ಸಾಧನ ಬೇಡ. ಅವಧಿ ಮುಗಿದ ಎಟಿಎಂ ಕಾರ್ಡ್ ಇದೆಯಲ್ಲ, ಅದರ ದಪ್ಪ 0.76 ಮಿಲಿಮೀಟರ್. ಉಬ್ಬು ಅಂಕಿ ಇಲ್ಲದ ಭಾಗವನ್ನು ಉದ್ದಕ್ಕೆ ಕತ್ತರಿಸಿ ಎರಡು ಪಟ್ಟಿ ಮಾಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್ಪಿಗೂ ನಡುವೆ ಎರಡು ಪಟ್ಟಿ ಜಾರಿಸಿ. ಸಲೀಸಾಗಿ ಹೋಗಬೇಕು, ಆದರೆ ಜಾಗ ಉಳಿಯಬಾರದು. ಬಿ ತಂತಿ ಜೋರಾಗಿ ಮೀಟಿದಾಗ ಪಿಕಪ್ಪಿಗೆ ಬಡಿದರೆ ಆ ಬದಿ ಚೂರು ತಗ್ಗಿಸಿ. ಈ ಎತ್ತರ ನನ್ನ ಅಭ್ಯಾಸ. ನಿಮ್ಮ ಕೈ ಭಾರವಾಗಿದ್ದರೆ ಸ್ವಲ್ಪ ಜಾಸ್ತಿ ಬಿಡಬೇಕಾದೀತು.

ತೂತು ಕೊರೆಯಲು ಅವಸರ ಬೇಡ. ಮೊದಲ ತಿಂಗಳು ಎರಡು ಬದಿ ಅಂಟಿನ ಟೇಪಿನಲ್ಲೇ ಇರಲಿ. ಬೇಸ್ ಹಳೆಯದಾಗಿದ್ದರೆ ಟೇಪ್ ಕೀಳುವಾಗ ಪಾಲಿಶ್ ಎದ್ದು ಬರಬಹುದು. ಮೊದಲು ಪೇಂಟರ್‌ಗಳು ಹಚ್ಚುವ ಮಾಸ್ಕಿಂಗ್ ಟೇಪ್ ಒಂದು ಪದರ ಹಾಕಿ, ಅದರ ಮೇಲೆ ಅಂಟಿಸಿ. ಬ್ರಿಡ್ಜಿನ ಹತ್ತಿರ ಬಾಡಿಗೂ ತಂತಿಗೂ ಅಂತರ ಜಾಸ್ತಿ ಇದ್ದರೆ ಅಡಿಗೆ ತೆಳು ಮರದ ಪಟ್ಟಿ ಕೊಡಿ. ಸ್ಪಂಜು ಕೊಡಬೇಡಿ, ಪಿಕಪ್ ಅಲುಗಾಡುತ್ತದೆ.

ಕೂರಿಸಿದ ಮೇಲೆ ಬಾಕ್ಸಿಗೆ ನಿಜ ಹೇಳಬೇಕು. ಬ್ರಿಡ್ಜಿನಿಂದ ಪಿಕಪ್ಪಿಗೆ ಎಷ್ಟು ದೂರ ಎಂದು ಪ್ರತಿ ತಂತಿಗೂ ಅಳೆದು ತುಂಬಿ. ಬ್ರಿಡ್ಜಿನಲ್ಲಿ ಒಂದೊಂದು ತಂತಿ ಕೂರುವ ಸ್ಯಾಡಲ್‌ಗಳು ಹಿಂದೆ ಮುಂದೆ ಇರುವುದರಿಂದ ಐದೂ ಒಂದೇ ಇರುವುದಿಲ್ಲ. ಸ್ಕೇಲ್ ಉದ್ದವೂ (ತಂತಿಯ ಕಂಪಿಸುವ ಭಾಗದ ಉದ್ದ) ಬೇಕು. ಸಾಮಾನ್ಯ 34 ಇಂಚಿನ ಬೇಸಿಗೆ ಅದು 864 ಮಿಲಿಮೀಟರ್. ಐದು ತಂತಿಯವು 35 ಇಂಚಿನವೂ ಇರುತ್ತವೆ, ನಿಮ್ಮದನ್ನು ಅಳೆದೇ ನೋಡಿ. ಮಾಡೆಲಿಂಗ್ ಸದ್ದು ಪೆಚ್ಚಾಗಿ ಕೇಳುವುದಕ್ಕೆ ಬಹಳ ಸಲ ಈ ಅಂಕಿಗಳೇ ಕಾರಣ. ಕೊನೆಗೆ ಸೆನ್ಸಿಟಿವಿಟಿ. ಮನೆಯಲ್ಲಿ ಕೂತು ಮೆಲ್ಲಗೆ ಮೀಟಿ ಇಡಬೇಡಿ. ವೇದಿಕೆಯಲ್ಲಿ ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟೇ ಜೋರಾಗಿ ಹೊಡೆದು, ಮೀಟರ್ ತುದಿ ಮುಟ್ಟುವುದಕ್ಕೆ ಚೂರು ಮೊದಲು ನಿಲ್ಲುವಂತೆ ಇಡಿ.

ಇನ್ನು ಕೈ. ಇದನ್ನು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಸುಮ್ನೆ ಕೈ ಇಟ್ಟರೂ ಸದ್ದು ಬರುತ್ತದೆ ಎಂದಿರಿ. ಮಾಮೂಲಿ ಬೇಸಿನಲ್ಲಿ ಆ ಸದ್ದು ಮೊದಲೂ ಇತ್ತು, ಯಾರಿಗೂ ಕೇಳುತ್ತಿರಲಿಲ್ಲ. ಬೆರಳು ಸವರಿದ್ದು, ಪಕ್ಕದ ತಂತಿ ತಾನಾಗಿ ಮಿಡಿದದ್ದು, ಒತ್ತಿದ ಬೆರಳು ತೆಗೆಯುವಾಗ ಟಿಂಕ್ ಎಂದದ್ದು, ಎಲ್ಲವೂ ಈಗ ಪಿಟೀಲಾಗಿ ಕೇಳುತ್ತದೆ. ಬಲಗೈ ಹೆಬ್ಬೆರಳನ್ನು ಒಂದೇ ಕಡೆ ಊರಬೇಡಿ. ನುಡಿಸುವ ತಂತಿಗಿಂತ ದಪ್ಪನೆಯವುಗಳ ಮೇಲೆ ಅದು ಮಲಗಿ ಜಾರುತ್ತಿರಲಿ. ತೆಳು ತಂತಿಗಳನ್ನು ಎಡಗೈ ಬೆರಳುಗಳ ಅಡಿಭಾಗ ಮುಚ್ಚಲಿ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿಯುವುದು) ಮತ್ತು ಸತ್ತ ಸ್ವರಗಳ (ತಂತಿ ಅದುಮಿ ಬರೀ ಟಕ್ ಎನಿಸುವುದು) ಹಾಡು ಬಂದಾಗ ಸಿಂಥ್ ಪೂರ್ತಿ ಬಂದ್ ಮಾಡಿ. ಜಿಕೆ-3ಬಿ ಮೇಲಿನ ಮೂರು ಸ್ಥಾನದ ಸ್ವಿಚ್ ಇದಕ್ಕಾಗಿಯೇ ಇದೆ: ಬರೀ ಬೇಸ್, ಎರಡೂ, ಬರೀ ಸಿಂಥ್. ಪಕ್ಕದ ವಾಲ್ಯೂಮ್ ಗುಬ್ಬಿಯನ್ನು ಕಿರುಬೆರಳಿನಿಂದ ಮೆಲ್ಲಗೆ ಏರಿಸುತ್ತ ಪಲ್ಲವಿಗೆ ಸ್ಟ್ರಿಂಗ್ಸ್ ತಂದು, ಚರಣಕ್ಕೆ ಇಳಿಸುವುದನ್ನು ಅಭ್ಯಾಸ ಮಾಡಿ. ಕೇಳುವವರಿಗೆ ಇದು ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ.

ತಂತಿ ಬಗ್ಗೆ ಎರಡು ಮಾತು. ಇದು ಅಯಸ್ಕಾಂತದ ಪಿಕಪ್. ಒಳಗೆ ಉಕ್ಕು ಇಲ್ಲದ ತಂತಿ ಇದಕ್ಕೆ ಕಾಣುವುದೇ ಇಲ್ಲ. ಹೊಚ್ಚ ಹೊಸ ರೌಂಡ್‌ವೂಂಡ್ ತಂತಿ ಜಾಸ್ತಿ ಝಣಝಣ ಅನ್ನುತ್ತದೆ, ಬಾಕ್ಸು ಎಡವುತ್ತದೆ. ನಯವಾದ ಫ್ಲಾಟ್‌ವೂಂಡ್ ಹಾಕಿದ ಮೇಲೆ ನನ್ನ ಇ ತಂತಿಯ ಅಡ್ಡಸ್ವರಗಳು ಬಹಳ ಕಡಿಮೆಯಾದವು. ತಡ ಮಾತ್ರ ಇದ್ದಷ್ಟೇ ಇತ್ತು.

ಗಮಕ ನುಡಿಸುತ್ತೀರಾದರೆ ಟೋನಿನ ಕ್ರೊಮ್ಯಾಟಿಕ್ ಸೆಟ್ಟಿಂಗ್ ಆಫ್ ಇರಲಿ. ಅದು ಆನ್ ಇದ್ದರೆ ಜಾರು ಹೋಗಿ ಹಾರ್ಮೋನಿಯಂನಂತೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಬ್ರಾಸ್, ಆರ್ಗನ್ನಿಗೆ ಅದೇ ಚೆನ್ನ. ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಮಿಡಿ (ಯಾವ ಸ್ವರ, ಎಷ್ಟು ಜೋರು ಎಂಬ ಸಂದೇಶ) ಕಳಿಸುವ ದಿನ ಬಂದರೆ ನೆನಪಿಡಿ: ಒಂದೊಂದು ತಂತಿ ಒಂದೊಂದು ಚಾನೆಲ್‌ನಲ್ಲಿ ಹೋಗಬೇಕು. ಪಿಚ್ ಬೆಂಡ್ (ಸ್ವರ ಎಷ್ಟು ಜಾರಬಹುದು ಎಂಬ) ಅಳತೆ ಬಾಕ್ಸು, ಕಂಪ್ಯೂಟರ್ ಎರಡೂ ಕಡೆ ಒಂದೇ ಇರಬೇಕು. ಇಲ್ಲಿ 24 ಅರ್ಧಸ್ವರ, ಅಲ್ಲಿ 2 ಇದ್ದರೆ ನೀವು ಜಾರಿಸಿದ ಸ್ವರ ಅಲ್ಲಿ ಅರ್ಧಕ್ಕೂ ತಲುಪುವುದಿಲ್ಲ.

ವೇದಿಕೆಯಲ್ಲಿ ಜಿಆರ್-55ರ ಮುಖ್ಯ ಔಟ್‌ಪುಟ್ಟನ್ನು ಬೇಸ್ ಆಂಪಿಗೆ ಕೊಡಬೇಡಿ. ಅದು ಡಿಐ ಬಾಕ್ಸ್ (ವಾದ್ಯದ ಸದ್ದನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ಮೂಲಕ ಮಿಕ್ಸರಿಗೆ ಹೋಗಲಿ. ಹಿಂದೆ ಗಿಟಾರ್ ಔಟ್ ಎಂಬ ಇನ್ನೊಂದು ಜಾಕ್ ಇದೆ. ಮಾಮೂಲಿ ಪಿಕಪ್ಪಿನ ಸದ್ದು ಅಲ್ಲಿಂದ ಆಂಪಿಗೆ ಹೋಗಲಿ. ಪಿಟೀಲಿನ ಸದ್ದು ಹದಿನೈದು ಇಂಚಿನ ಬೇಸ್ ಸ್ಪೀಕರಿನಲ್ಲಿ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ಗುಂಯ್ ಎಂಬ ಹಮ್ ಬಂದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಬುದ್ಧಿ ಮಾತ್ರ ಬೇಡ. ಮಳೆಗಾಲದ ಗಣಪತಿ ಪೆಂಡಾಲು, ಕೈಯಲ್ಲಿ ಉಕ್ಕಿನ ತಂತಿ, ಎದುರಿಗೆ ಮೈಕು. ಶಾಕ್ ಹೊಡೆದರೆ ತಮಾಷೆಯಲ್ಲ.

13 ಪಿನ್ನಿನ ಕೇಬಲನ್ನು ಬೆಲ್ಟಿಗೆ ಒಂದು ಸುತ್ತು ಸುತ್ತಿ ವೆಲ್ಕ್ರೋದಲ್ಲಿ ಕಟ್ಟಿ. ನಾನು ಕಟ್ಟದೆ ಇದ್ದ ಒಂದೇ ಒಂದು ರಾತ್ರಿ ಗಾಯಕರೊಬ್ಬರು ಅದರ ಮೇಲೆ ಕಾಲಿಟ್ಟು ಮುಂದೆ ಹೋದರು. ಎರಡು ಪಿನ್ ಬಾಗಿ ಉಳಿದ ಹಾಡುಗಳಿಗೆ ಬರೀ ಬೇಸೇ ಗತಿಯಾಯಿತು. ಅವತ್ತಿನಿಂದ ಬ್ಯಾಗಿನಲ್ಲಿ ಇನ್ನೊಂದು ಕೇಬಲ್ ಇರುತ್ತದೆ.

ಬೇರೆ ತಗೊಳ್ಳಲಾ ಎಂದು ಕೇಳಿದಿರಿ. 2023ರಲ್ಲಿ ಜಿಕೆ-5ಬಿ ಬಂದಿದೆ. ಅದು ತಂತಿಗಳ ಸದ್ದನ್ನು ಡಿಜಿಟಲ್ ಮಾಡಿ ತೆಳು ಕೇಬಲಿನಲ್ಲಿ ಕಳಿಸುತ್ತದೆ. ಅದರ ಜೊತೆಗಾರ ಬಾಸ್ ಕಂಪನಿಯ ಜಿಎಂ-800. ನಿಮ್ಮ ಹಳೆ ಪಿಕಪ್ ಅದಕ್ಕೆ ನೇರ ಸೇರುವುದಿಲ್ಲ, ನಡುವೆ ಜಿಕೆಸಿ-ಎಡಿ ಎಂಬ ಪರಿವರ್ತಕ ಬೇಕು. ಆರ್ಕೆಸ್ಟ್ರಾ ಸಂಪಾದನೆಯಲ್ಲಿ ಇದಕ್ಕೆ ಕೈ ಹಾಕಲು ನಾನು ಹೇಳುವುದಿಲ್ಲ. ಬಿ ತಂತಿ ಅದರಲ್ಲೂ 30.9 ಹರ್ಟ್ಜೇ. ನಿಮಗೆ ಬರೀ ಸಿಂಥ್ ಬೇಸ್ ಬೇಕಾಗಿದ್ದರೆ ವಿಶೇಷ ಪಿಕಪ್ಪೇ ಬೇಡವಾಗಿತ್ತು. ಬಾಸ್ ಎಸ್‌ವೈ-1ರಂಥ ಒಂದು ಸಣ್ಣ ಪೆಡಲ್ ಮಾಮೂಲಿ ಕೇಬಲಿನಲ್ಲೇ ಆ ಕೆಲಸ ಮಾಡುತ್ತದೆ. ಆದರೆ ತಂತಿಗೊಂದು ಸದ್ದು ಹಂಚುವುದು ಅದರ ಕೈಲಾಗದು. ನಿಮಗೆ ಸ್ಟ್ರಿಂಗ್ಸ್ ಬೇಕು, ಕೈಯಲ್ಲಿ ಜಿಆರ್-55 ಇದೆ. ಇರುವುದರಲ್ಲೇ ಮುಂದುವರಿಯಿರಿ.

ಮೊದಲು ಮೂರೇ ಪ್ಯಾಚ್ ಮಾಡಿಕೊಳ್ಳಿ. ಒಂದು, ಮಾಡೆಲಿಂಗ್ ಸಿಂಥ್ ಬೇಸ್. ಎರಡು, ಬೇಸಿನ ಜೊತೆ ಡಿ-ಜಿ ತಂತಿಗಳಿಗೆ ಮಾತ್ರ ಸ್ಟ್ರಿಂಗ್ಸ್. ಮೂರು, ಹೋಲ್ಡ್ ಇರುವ ಪ್ಯಾಡ್. ಪಿಕಪ್ಪಿನ ಎರಡು ಪುಟ್ಟ ಸ್ವಿಚ್ಚುಗಳಿಗೆ ಪ್ಯಾಚ್ ಹಿಂದೆ-ಮುಂದೆ ಮಾಡುವ ಕೆಲಸ ಕೊಡಿ, ಹಾಡಿನ ನಡುವೆ ಬಗ್ಗಬೇಕಾಗಿಲ್ಲ. ರಿಹರ್ಸಲ್‌ನಲ್ಲಿ ಡ್ರಮ್ಮರ್ ಪಕ್ಕ ನಿಂತು ಒಂದೊಂದನ್ನೂ ನುಡಿಸಿ, ಅವರಿಗೆ ಯಾವುದು ಅಡ್ಡ ಬರುತ್ತದೆ ಎಂದು ಕೇಳಿ. ಸ್ಟ್ರಿಂಗ್ಸ್ ಇನ್ನೂ ತಡ ಎಂದು ಅವರು ಹೇಳಿದರೆ ಎ ತಂತಿಯನ್ನೂ ಸೊನ್ನೆ ಮಾಡಿ.